ಮುಚ್ಚಳ ಬಿಚ್ಚಿದ ಬೆಳಕು

ನಾನು ಎ.ಸಿ. ರಿಪೇರಿಯವನು. ನಾನು ಮೆಟ್ಟಿಲು ಹತ್ತುವ ಸದ್ದಿಗೇ ಕೆಟ್ಟ ಮೆಷಿನ್ನುಗಳು ಹೆದರಿ ಚಾಲೂ ಆಗುತ್ತವೆ. ಮನೆಯವರು ನನಗೆ 'ಬುರುಡೆ' ಎಂದು ಹೆಸರಿಟ್ಟಿದ್ದಾರೆ, ಬರೀ ಹೊಟ್ಟೆಕಿಚ್ಚಿಗೆ. ಇಂಥ ನಾನು ಆ ಸಂಜೆ ಅಕ್ಕನ ಫೋನು ಬಂದು ಓಡಿ ಅವಳ ಮನೆಯ ಬಾಗಿಲು ತಳ್ಳಿದಾಗ ನನ್ನ ಎದೆಬಡಿತ ಇಡೀ ಬೀದಿಗೆ ಕೇಳಿಸಿರಬೇಕು.

ಅಕ್ಕ ನೆಲದ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಕೆನ್ನೆಯ ಮೇಲೆ ಕೆರೆ ಕೋಡಿ ಬಿದ್ದ ಹಾಗೆ ನೀರು. ಭಾವ ಗೋಡೆ ತಡವುತ್ತ ನಿಂತಿದ್ದ.

"ಕಣ್ಣೊಳಗೆ ಮರಳು ಸುರಿದ ಹಾಗಿದೆ ಕಣೋ," ಅಂದಳು ಅಕ್ಕ. "ನಮ್ದು ಬಿಡು, ಪಾಪೂನ ನೋಡು."

ಆಗತಾನೇ ಕೂರಲು ಕಲಿತ ಕೂಸು. ತೊಟ್ಟಿಲಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅಳುತ್ತಿತ್ತು. ಒಂದು ಮಗ್ಗುಲಿನ ಕೆನ್ನೆ ಕೆಂಪಗಾಗಿತ್ತು. ಆ ಮಗ್ಗುಲಿಗೇ, ಮೂಲೆಯಲ್ಲಿ, ಗಾಳಿ ಶುದ್ಧಮಾಡುವ ಪೆಟ್ಟಿಗೆ; ಅದರ ಬಗೆದ ಹೊಟ್ಟೆಯೊಳಗೆ ನೀಲಿ ದೀಪವೊಂದು ಬೆತ್ತಲೆಯಾಗಿ ಉರಿಯುತ್ತಿತ್ತು. ನಾನು ಮುಖ ತಿರುಗಿಸಿಕೊಂಡೇ ವೈರು ಕಿತ್ತೆ.

"ಭಾವಾ, ಇದರ ಮುಚ್ಚಳ ಎಲ್ಲಿ?"

"ಬೆಳಿಗ್ಗೆ ಬಿಚ್ಚಿದೆ," ಅಂದ ಭಾವ. ಅವನು ಕ್ಷೌರಿಕ. "ಅಂಗಡೀಲಿ ಕತ್ತರಿ, ಬಾಚಣಿಗೆ ಇಡೋ ನೀಲಿ ದೀಪದ ಪೆಟ್ಟಿಗೆ ಇಲ್ವಾ? ಬೆಳಕು ಬಿದ್ದ ಮಗ್ಗುಲು ಮಾತ್ರ ಶುದ್ಧ ಆಗೋದು ಅಂತ ಕತ್ತರೀನ ತಿರುಗಿಸಿ ತಿರುಗಿಸಿ ಇಡ್ತೀವಿ. ಇದು ನೋಡಿದ್ರೆ ಒಳಗೊಳಗೇ ಉರೀತಿತ್ತು. ಪಾಪೂಗೆ ಉಬ್ಬಸ. ಕೋಣೆಗೆ ಬೀಳದ ಬೆಳಕು ಯಾವ ಉಪಯೋಗಕ್ಕೆ ಅಂತ..."

"ಮುಚ್ಚಳ ತೆಗೆದ್ರೆ ದೀಪ ಆರ್ಬೇಕಲ್ಲ."

"ಆರಿತು. ಒಳಗೆ ಮುಚ್ಚಳ ಒತ್ತೋ ಒಂದು ಸ್ವಿಚ್ಚಿನ ಗುಂಡಿ ಇತ್ತು. ಅದು ಒತ್ತಿಕೊಂಡೇ ಇರ್ಲಿ ಅಂತ ಬಾಚಣಿಗೆ ಹಲ್ಲು ಸಿಗಿಸಿದೆ."

"ಫ್ಯಾನು ಗಾಳೀನ ಎಳೆದು ಆ ದೀಪದ ಮುಂದೆ ಹಾಯಿಸುತ್ತೆ, ಭಾವಾ. ಕೆಲಸ ಆಗೋದು ಒಳಗೇ. ಕ್ರಿಮಿ ಕೊಲ್ಲೋ ಆ ಯು.ವಿ. ಬೆಳಕು ಕತ್ತರಿ ಮೇಲೆ ಬೀಳ್ಬಹುದು, ಕಣ್ಣಿಗೆ ಬೀಳಬಾರದು."

ರಜೆಯ ದಿನವೆಂದು ಮೂವರೂ ಅದರ ಮುಂದೆಯೇ ದಿನ ಕಳೆದಿದ್ದರು.

ಕಣ್ಣಿನ ಡಾಕ್ಟರ ಹತ್ತಿರ ಗಾಡಿ ಓಡಿಸಿದೆ. ಚಕ್ರ ನೆಲ ಮುಟ್ಟಿದ್ದು ತಿರುವುಗಳಲ್ಲಿ ಮಾತ್ರ. ಹಿಂದಿನ ಸೀಟಿನಿಂದ ಅಕ್ಕ ಕೇಳುತ್ತಲೇ ಇದ್ದಳು, "ಪಾಪು ಕಣ್ಣು ಬಿಟ್ಲೇನೋ?" ಇಲಿಯನ್ನು ಆನೆ ಮಾಡಬಲ್ಲ ನನ್ನ ನಾಲಿಗೆಗೆ "ಇಲ್ಲ" ಎಂಬುದರ ಹೊರತು ಏನೂ ಹೊಳೆಯಲಿಲ್ಲ.

ಡಾಕ್ಟರಮ್ಮ ಅಕ್ಕ–ಭಾವನ ಕಣ್ಣಿಗೆ ಹಳದಿ ಹನಿ ಬಿಟ್ಟು, ದೀಪ ಆರಿಸಿ, ನೀಲಿ ಟಾರ್ಚು ಹಿಡಿದರು. ಭಾವ ಕುರ್ಚಿ ಸಮೇತ ಹಿಂದೆ ಜರುಗಿದ.

"ಇದು ಆ ಬೆಳಕಲ್ಲ," ಅಂದರು ಅವರು. "ನಿಮ್ಮಿಬ್ಬರದೂ ಕಣ್ಣಿನ ಮೇಲ್ಪದರ ಸುಟ್ಟಿದೆ. ಎರಡು ಮೂರು ದಿನದಲ್ಲಿ ವಾಸಿಯಾಗುತ್ತೆ. ಮಗು ನಿದ್ದೆಯಲ್ಲಿತ್ತಾ?"

"ಜಾಸ್ತಿ ಹೊತ್ತು," ಅಂದಳು ಅಕ್ಕ.

"ಹಾಗಾದ್ರೆ ರೆಪ್ಪೆ ಕಾಪಾಡಿರಬಹುದು. ಇಷ್ಟು ಅಳ್ತಿದ್ರೆ ನಾನು ನೋಡೋಕಾಗಲ್ಲ. ಸಮಾಧಾನ ಆಗಿ ತಾನಾಗೇ ಕಣ್ಣು ಬಿಡಲಿ."

ಹೊರಗೆ ಬೆಂಚಿನ ಮೇಲೆ ಕೂತೆವು. ಅಕ್ಕನ ಎರಡೂ ಕಣ್ಣಿಗೆ ಬಿಳಿ ಪಟ್ಟಿ, ಭಾವನಿಗೂ ಹಾಗೆಯೇ. ಅಕ್ಕನ ಮಡಿಲಲ್ಲಿ ಪಾಪುವಿನ ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ನಿಂತಿತು. ನಾನು ಬಗ್ಗಿ ಅದರ ಮುಖ ನೋಡಿದೆ.

"ಬುರುಡೆ," ಅಂದಳು ಅಕ್ಕ, "ಇವತ್ತು ಇದ್ದಿದ್ದು ಇದ್ದ ಹಾಗೆ ಹೇಳು."

"ಬಿಟ್ಟಿದಾಳೆ, ಅಕ್ಕಾ. ಒಂದು ಸ್ವಲ್ಪ ಕೆಂಪಗಿದೆ."

"ನೋಡ್ತಿದಾಳಾ?"

ನಾನು ಕೂಸಿನ ಕಣ್ಣ ಮುಂದೆ ಬೆರಳು ಆಡಿಸಹೋದೆ. ಅಷ್ಟರಲ್ಲಿ ಕೂಸಿನ ಕೈ ಮೇಲೆದ್ದಿತು. ಅಕ್ಕನ ಪಟ್ಟಿಯ ಅಂಚನ್ನು ಹಿಡಿದು ಎಳೆಯಿತು. ಅಕ್ಕ ನೋವಿಗೆ ತುಟಿ ಕಚ್ಚಿದಳು, ಕೈ ಬಿಡಿಸಲಿಲ್ಲ. ಅದು ತಾನಾಗಿ ಬಿಟ್ಟಾಗ ಮುಖವನ್ನು ಸದ್ದಿಲ್ಲದೆ ಎಡಕ್ಕೆ ಸರಿಸಿದಳು. ಕೂಸಿನ ಕಣ್ಣು ಹಿಂದೆಯೇ ಹೊರಳಿತು, ಕೈ ಎಡಕ್ಕೆ ಬಂದು ಪಟ್ಟಿ ಹಿಡಿಯಿತು. ಬಲಕ್ಕೆ ಸರಿಸಿದಳು. ಬಲಕ್ಕೂ ಬಂತು.

ಅಕ್ಕ ಮತ್ತೆ ಎಡಕ್ಕೆ ಸರಿಸಿದಳು.

"ಯಾಕೆ ಎಲ್ಲಾ ಸುಮ್ನಾದ್ರಿ?" ಭಾವ ಗಾಳಿಯಲ್ಲಿ ಕೈಯಾಡಿಸಿ ನನ್ನ ತೋಳು ಹುಡುಕಿದ. "ಏನಾಯ್ತು, ಯಾರಾದ್ರೂ ಹೇಳ್ರೋ."