ಅವ್ವನ ಮಗ್ಗುಲ ಜಾಗ

ಗೋರಿ ತೋಡಲು ಎತ್ತಿದ ಗುದ್ದಲಿಯನ್ನು ಸಮೀರ ಹಾಗೇ ಕೆಳಗಿಳಿಸಿ ಎರಡು ಹೆಜ್ಜೆ ಹಿಂದೆ ಸರಿದ. ಟಿಟ್ಟಿಭವೊಂದು ಕಿರುಚುತ್ತ ಅವನ ತಲೆಯ ಮೇಲೆಯೇ ಸುತ್ತುತ್ತಿತ್ತು.

“ದೀದಿ, ಟಿಟವೀಚೀ ಅಂಡೀ!” ಟಿಟ್ಟಿಭದ ಮೊಟ್ಟೆ ಎಂದು ಮರಾಠಿಯಲ್ಲಿ ಕೂಗಿದ.

ರೂಪಾ ಬಗ್ಗಿ ನೋಡಿದಳು. ಅವ್ವನ ಗೋರಿಯ ಮಗ್ಗುಲಲ್ಲೇ, ಹರಳುಗಳ ನಡುವೆ ಹರಳಿನದೇ ಬಣ್ಣದ ನಾಲ್ಕು ಮೊಟ್ಟೆ. ಅಪ್ಪ ದೇವಪುತ್ರಪ್ಪ ಹನ್ನೆರಡು ವರ್ಷದಿಂದ ತನಗೆಂದು ಹಿಡಿದಿಟ್ಟ ಜಾಗ ಅದು. ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಕೇಳಿದ್ದೂ ಅದೊಂದನ್ನೇ. ಆಗಲಿ ಎಂದಿದ್ದಳು. ಸಂಜೆ ನಾಲ್ಕಕ್ಕೆ ಮಣ್ಣು. ಜಾಗ ತೋರಿಸಲೆಂದು ಬೆಳಿಗ್ಗೆಯೇ ಬಂದಿದ್ದರು.

“ಎತ್ತಿ ಆಚೆ ಇಟ್ಟರಾತು,” ಎಂದಳು ಬೆಟಗೇರಿಯಿಂದ ಬಂದಿದ್ದ ಸೋದರತ್ತೆ ಗುಣವತಿ.

“ಸರಿಸಿದರ ಅದು ಮತ್ತ ಕಾವಿಗೆ ಕೂಡೂದಿಲ್ಲ, ಅತ್ತಿ.”

“ಕೂಡದಿದ್ರ ಬಿಡಲಿ! ನಾಕು ತತ್ತಿ ಸಲುವಾಗಿ ನಮ್ಮಣ್ಣನ್ನ ಹೆಂಡತಿ ಬಿಟ್ಟು ಬ್ಯಾರೆ ಕಡೆ ಮಲಗಸ್ತಿ? ಮಾತು ಕೊಟ್ಟಾಕಿ ನೀನ ಅಲ್ಲೇನು?”

ಅಪ್ಪನ ಜೊತೆ ವಿಮಾನ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಮೈಲಾರಿ ಮಾಮಾ ನಕ್ಕುಬಿಟ್ಟರು.

“ಇಂಥಾ ಹಕ್ಕಿ ತತ್ತಿ ಸಲುವಾಗೇ ನಿಮ್ಮಣ್ಣ ಮೆಮೊ ತಗೊಂಡಾನ್ರಿ, ಅಕ್ಕಾರ.”

* * *

ಓಝರಿನ ಕಾರ್ಖಾನೆ ಕಾಲನಿಯಲ್ಲಿ ಆಗ ರೂಪಾಳಿಗೆ ಹತ್ತು ವರ್ಷ. ಶಾಲೆಯ ಬಸ್ಸು ಮೈದಾನದ ಬಳಿ ತಿರುಗುವಾಗ ಹುಡುಗರೆಲ್ಲ ಕಿಟಕಿಗೆ ಮುಗಿಬಿದ್ದರು. ಹುಲ್ಲು ಕತ್ತರಿಸುವ ಟ್ರ್ಯಾಕ್ಟರಿನ ಎದುರು, ಖಾಕಿ ಅಂಗಿಯಲ್ಲಿ, ಕೈಕಟ್ಟಿ ನಿಂತಿದ್ದ ಅಪ್ಪ! ಹಿಂದೆ, ನೆಲದಲ್ಲಿ, ಟಿಟ್ಟಿಭದ ಗೂಡು. “ಟಿಟವಿ ಕಾಕಾ! ಟಿಟವಿ ಕಾಕಾ!” ಬಸ್ಸೆಲ್ಲ ನಗು. ಅವಳು ತಲೆ ತಗ್ಗಿಸಿ ಚೀಲದಲ್ಲಿ ಏನೋ ಹುಡುಕುವವಳಂತೆ ಕೂತಳು.

“ಎಲ್ಲಾರೂ ನಗತಾರಪ್ಪಾ,” ಎಂದು ಸಂಜೆ ಅತ್ತಳು.

ಅಪ್ಪ ಬೂಟಿನ ಲಾಡಿ ಬಿಚ್ಚುತ್ತಿದ್ದ. “ದೇವರು ಆದಾಮಗ ಕೊಟ್ಟ ಮೊದಲನೇ ನೌಕರಿ ಇದ, ತಂಗಿ. ತ್ವಾಟಾ ಕಾಯೋದು. ಅಂವ ನಡುವ ಶಿಫ್ಟ್ ಬಿಟ್ಟು ಹೋದ. ಈಗ ನಾವು ಓವರ್‌ಟೈಮ್ ಮಾಡಬೇಕಾಗೇತಿ.”

ಅವತ್ತು ಅವಳಿಗೆ ನಗು ಬಂದಿರಲಿಲ್ಲ.

* * *

“ಭಾಯಿ, ಗೋಡೆ ಕಡೆ ಅಗೀರಿ,” ಎಂದಳು ರೂಪಾ. ತನ್ನದೇ ಧ್ವನಿ ಇಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. ಅವಸರದಲ್ಲಿ ಕನ್ನಡದಲ್ಲೇ ಹೇಳಿದ್ದಳು; ಸಮೀರನಿಗೆ ಕನ್ನಡ ಬರದು. ಅವಳ ಬೆರಳು ತೋರಿದ ಕಡೆ ನಡೆದ.

“ನಾಳೆ ಪರಲೋಕದಾಗ ನಿಮ್ಮಪ್ಪ ಎದುರು ಸಿಕ್ಕು ಕೇಳಿದರ ಏನಂತ ಹೇಳ್ತಿ?”

“ಡ್ಯೂಟಿ ಮ್ಯಾಲ ಇದ್ದೆ ಅಂತ ಹೇಳ್ತೀನಿ, ಅತ್ತಿ.”

ಸ್ಮಶಾನದ ಗೋಡೆಯ ಬದಿ ಬರೀ ಗಟ್ಟಿ ಮುರುಮು, ಕಲ್ಲುಮಣ್ಣು. ಸಮೀರನೊಬ್ಬನಿಂದ ನಾಲ್ಕರೊಳಗೆ ಮುಗಿಯುವಂತಿರಲಿಲ್ಲ. ಮೈಲಾರಿ ಮಾಮಾ ಫೋನು ಮಾಡಿದ ಅರ್ಧ ತಾಸಿಗೆ ನಿವೃತ್ತ ಫಿಟರುಗಳು ಒಬ್ಬೊಬ್ಬರೇ ಸ್ಕೂಟರಿನಲ್ಲಿ ಬಂದರು. ಬಿಳಿ ಅಂಗಿಯ ತೋಳು ಮಡಚಿ, ಮೊಣಕಾಲು ನೋವನ್ನು ಬಯ್ಯುತ್ತ, ಸರದಿಯ ಮೇಲೆ ಗುಂಡಿಗೆ ಇಳಿದರು.

“ಸತ್ತ ಮ್ಯಾಲೂ ಕೆಲಸಾ ಹಚ್ಚಿದ ನೋಡ್ರಿ, ಮಗಾ!”

ನಾಲ್ಕು ಗಂಟೆಗೆ ಪೆಟ್ಟಿಗೆ ಗೇಟು ದಾಟಿತು. ಹೊತ್ತವರು ನೇರ ದಾರಿ ಬಿಟ್ಟು ಜಾಲಿಕಂಟಿಯ ಬದಿಯಿಂದ ಬಳಸಿ ಬಂದರು. ಯಾರೂ ಹೇಳಿರಲಿಲ್ಲ. ಹಾಡುವವರು ಕೊರಳು ತಗ್ಗಿಸಿದರು. ಅವ್ವನ ಗೋರಿಯತ್ತ ಹೆಜ್ಜೆ ಹಾಕಿದವರನ್ನೆಲ್ಲ ಗುಣವತಿ ಸೆರಗು ಬೀಸಿ ಗದರಿಸುತ್ತಿದ್ದಳು: “ಹಿಂದಕ್ಕ ಸರೀರಿ, ಕಣ್ಣು ಕಾಣಸೂದಿಲ್ಲೇನು?”

ಅಪ್ಪನ ಮೇಲೆ ಹಿಡಿ ಮಣ್ಣು ಹಾಕಿ ರೂಪಾ ತಲೆಯೆತ್ತಿದಳು. ನಲ್ಲಿಯ ಕೆಳಗಿನ ಕೆಸರಿನಲ್ಲಿ ಎದೆ ತೋಯಿಸಿಕೊಂಡ ಹಕ್ಕಿ ಬಿಸಿಲಲ್ಲಿ ಕೆಂಪು ಮೂತಿಯೆತ್ತಿ ಒಮ್ಮೆ ಜನರನ್ನೆಲ್ಲ ನೋಡಿತು. ಆಮೇಲೆ ಓಡೋಡಿ ಹೋಗಿ, ಅವ್ವನ ಮಗ್ಗುಲಲ್ಲಿ, ಒದ್ದೆ ಗರಿ ಹರಡಿ ಬಿಸಿಲಿಗೆ ಕಾದ ನಾಲ್ಕು ಮೊಟ್ಟೆಗಳ ಮೇಲೆ ಇಳಿದು ಕೂತಿತು.