ಕಂಬದ ಕುರ್ಚಿ

ಮೊದಲು ನೋಡಿದ ಕೋಣೆಗೆ ಮೂರು ಕಡೆ ಗೋಡೆ, ಒಂದು ಕಡೆ ಗಾಜು. ಗಾಜಿನಾಚೆ ಹೋಟೆಲಿನ ದೊಡ್ಡ ಊಟದ ಹಾಲ್. ಮೇಜು ಸಿಗದೆ ಕಾದು ನಿಂತವರು ಬೇರೇನೂ ಕೆಲಸವಿಲ್ಲದೆ ಕೋಣೆಯೊಳಗಿದ್ದವರ ಬಾಯಿಯನ್ನೇ ನೋಡುತ್ತಿದ್ದರು.

ಚಿಕ್ಕಮ್ಮ ಹೊಸಿಲು ಕೂಡ ದಾಟಲಿಲ್ಲ. "ಇದಕ್ಕೆ ಪ್ರೈವೇಟ್ ರೂಮ್ ಅಂತ ಹೆಸರು ಬೇರೆ. ಮೀನಿನ ತೊಟ್ಟಿ ಇದ್ದ ಹಾಗಿದೆ. ನಡಿ."

ಅಪ್ಪ ಮಾಸ್ಕನ್ನು ಕಣ್ಣಿನ ಕೆಳಗಿನ ತನಕ ಎಳೆದುಕೊಂಡು ಮೆಟ್ಟಿಲಿಳಿದ.

ಮಗಳನ್ನು ಮದುವೆಯಾಗುವ ಹುಡುಗನ ಮನೆಯವರು ಬರುವ ಭಾನುವಾರ ಮೊದಲ ಸಲ ಇವರ ಜೊತೆ ಊಟಕ್ಕೆ ಕೂರುವವರಿದ್ದರು. ಊರ ನಡುವೆ ಎಲ್ಲಾದರೂ ಒಳ್ಳೆ ಕಡೆ ಸೇರೋಣ, ಎರಡೂ ಮನೆಗೆ ಹತ್ತಿರವಾಗುತ್ತದೆ ಎಂದು ಹುಡುಗನ ತಾಯಿಯೇ ಹೇಳಿ ಕಳಿಸಿದ್ದರು. ಅಪ್ಪನ ಕೆಳದವಡೆಯ ಅರ್ಧವನ್ನು ಡಾಕ್ಟರು ತೆಗೆದಿದ್ದಾರೆ, ಕೆನ್ನೆಗೆ ಎದೆಯ ಚರ್ಮ ತಂದು ತೇಪೆ ಹಾಕಿದ್ದಾರೆ ಎನ್ನುವುದು ಆ ತಾಯಿಗೆ ಗೊತ್ತಿರಲಿಲ್ಲ. ಹುಡುಗನಿಗೆ ಗೊತ್ತಿತ್ತು. 'ಅಮ್ಮನಿಗೆ ನಿಧಾನವಾಗಿ ಹೇಳ್ತೀನಿ' ಎನ್ನುತ್ತ ಅವನು ತಿಂಗಳುಗಳನ್ನು ಕಳೆದಿದ್ದ.

ಭಾವ ಮನೆಯಲ್ಲೇ ಇರಲಿ ಎಂಬುದು ಚಿಕ್ಕಮ್ಮನ ವಾದ. ತಾಯಿಯಿಲ್ಲದ ಮಗಳನ್ನು ಸಾಕಿದವಳು ಅವಳು, ವಾದ ಮಾಡುವ ಹಕ್ಕಿತ್ತು. ಅಪ್ಪ ನನ್ನ ಪಕ್ಕದಲ್ಲೇ ಕೂರಬೇಕು ಎಂಬುದು ಇವಳ ಹಟ. ಎರಡು ರಾತ್ರಿ ಜಗಳವಾಡಿ ಒಂದು ಒಪ್ಪಂದಕ್ಕೆ ಬಂದಿದ್ದರು: ಅಪ್ಪ ನಾಲ್ಕು ಜನರ ಕಣ್ಣಿಗೆ ಬೀಳದೆ ಊಟ ಮಾಡಬಹುದಾದಂಥ ಕೋಣೆ ಸಿಕ್ಕಿದರೆ ಬರಲಿ, ಸಿಗದಿದ್ದರೆ ಮನೆ. ಅಪ್ಪನನ್ನು ಯಾರೂ ಕೇಳಿರಲಿಲ್ಲ. ಕೋಣೆ ನೋಡಲು ಹೊರಟಾಗ ಅವನೂ ಚಪ್ಪಲಿ ಮೆಟ್ಟಿಕೊಂಡ, ಅಷ್ಟೆ. ಬೇಡ ಅನ್ನುವ ಹಾಗಿರಲಿಲ್ಲ. ಊರಿನ ದೊಡ್ಡ ಹೋಟೆಲೊಂದರ ಔತಣದ ಕೋಣೆಗಳಲ್ಲಿ ಮೂವತ್ತು ವರ್ಷ ಬಡಿಸಿದವನು ಅವನು. ಆ ಹೋಟೆಲನ್ನು ಕೆಡವಿ ಈಗ ಅಲ್ಲಿ ಬಟ್ಟೆ ಮಾರುತ್ತಿದ್ದರು.

ಎರಡನೆಯ ಕೋಣೆಯಲ್ಲಿ ಗಾಜಿರಲಿಲ್ಲ, ಕನ್ನಡಿಗಳಿದ್ದವು. ಯಾವ ಕುರ್ಚಿಯಲ್ಲಿ ಕೂತರೂ ಒಬ್ಬರ ಬಾಯಿ ನಾಲ್ಕಾಗಿ ಕಾಣುತ್ತಿತ್ತು. ಅವಳದು ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಜನರ ಮೂಗಿನ ಮೇಲೆ ಫ್ರೇಮು ಕೂರಿಸಿ ಎದುರಿಗೆ ಕನ್ನಡಿ ಹಿಡಿಯುವವಳಿಗೆ, ಜನ ಬೇರೆಯವರ ಮುಖವನ್ನು ನೇರವಾಗಿ ನೋಡಲು ನಾಚುತ್ತಾರೆ, ಕನ್ನಡಿಯಲ್ಲಾದರೆ ನಾಚುವುದಿಲ್ಲ ಎಂದು ಗೊತ್ತಿತ್ತು. ಈ ಸಲ ಬೇಡ ಅಂದವಳು ಅವಳೇ.

ಮಧ್ಯಾಹ್ನದ ಜನ ಬೀದಿಯಲ್ಲಿ ಮೈಗೆ ಮೈ ತಾಗಿಸಿಕೊಂಡು ನಡೆಯುತ್ತಿತ್ತು. ಚಿಕ್ಕಮ್ಮನಿಗೆ ಕಾಲುನೋವು ಶುರುವಾಯಿತು. "ಕೋಣೆ ನೋಡೋದು ಗಂಡು ನೋಡೋದಕ್ಕಿಂತ ಕಷ್ಟ ಆಯ್ತಲ್ಲೇ. ಗಂಡಾದ್ರೆ ಒಂದು ಕಣ್ಣು ಮುಚ್ಕೊಂಡು ಒಪ್ಕೋಬಹುದು."

ಮೂರನೆಯದು ಬಸ್ ನಿಲ್ದಾಣದ ಹಿಂದಿನ ಹಳೆ ಹೋಟೆಲು. ಮೊದಲ ಮಹಡಿಯಲ್ಲಿ ಓಣಿಯ ಕೊನೆಗೆ ದಪ್ಪ ಮರದ ಬಾಗಿಲು. ಸ್ಪ್ರಿಂಗ್ ಎಷ್ಟು ಬಿಗಿಯಿತ್ತೆಂದರೆ ಭುಜ ಕೊಟ್ಟು ತಳ್ಳಬೇಕು, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಕಿಟಕಿಯಿಲ್ಲ. ಮಂದ ಹಳದಿ ದೀಪ. ಎಂಟು ಜನರ ಉದ್ದ ಮೇಜು, ಅದರ ಒಂದು ತುದಿಗೆ ಅಡ್ಡವಾಗಿ ಚೌಕನೆಯ ಕಂಬ. ಬಾಗಿಲು ಮುಚ್ಚಿದರೆ ಬಸ್ಸಿನ ಹಾರ್ನ್ ಕೂಡ ಕೇಳಿಸದು.

"ಇದೇ," ಅಂದಳು ಅವಳು.

ಕೋಣೆ ತೋರಿಸಲು ಬಂದ ಕ್ಯಾಪ್ಟನ್, ಅಂದರೆ ವೇಟರುಗಳ ಮೇಲಿನವನು, ನಡುವಯಸ್ಸಿನ ದಪ್ಪ ಮನುಷ್ಯ. ರೇಟು, ಊಟದ ಪಟ್ಟಿ ಎಂದು ಬಾಯಿಪಾಠ ಒಪ್ಪಿಸುತ್ತಿದ್ದವನು ಅರ್ಧಕ್ಕೆ ನಿಂತ. ಮೇಜಿನ ಮೇಲೆ ಸೊಟ್ಟಗಿದ್ದ ಫೋರ್ಕೊಂದನ್ನು ಅಪ್ಪ ಕಿರುಬೆರಳಿನ ಬದಿಯಿಂದ ನೇರ ಮಾಡಿದ್ದ, ಆಮೇಲೆ ಅದೇ ಕೈಯ ಹಿಂಬದಿಯಿಂದ ಬಟ್ಟೆಯ ಸುಕ್ಕು ತೀಡಿದ್ದ.

"ಗುಡುಗಣ್ಣ?"

ಅಪ್ಪ ತಲೆಯೆತ್ತಿದ.

"ಅಯ್ಯೋ ನಿಮ್ಮ, ನೀವೇ ಅಲ್ವೇನ್ರೀ. ಹುಷಾರಿಲ್ಲ ಅಂತ ಯಾರೋ ಅಂದ್ರು, ಎಲ್ಲಿದ್ದೀರಿ ಅಂತ ಯಾರೂ ಹೇಳ್ಲಿಲ್ಲ." ಕ್ಯಾಪ್ಟನ್ ಅವಳ ಕಡೆ ತಿರುಗಿದ. "ಮಗಳಾ? ನಿಮ್ಮಪ್ಪ ನಕ್ಕರೆ ಟ್ರೇಯಲ್ಲಿದ್ದ ಲೋಟ ಎಲ್ಲ ಕಿಣಿಕಿಣಿ ಅಂತಿತ್ತಮ್ಮ. ಅದಕ್ಕೇ ಗುಡುಗು. ನಾನು ಸೇರಿದಾಗ ತಟ್ಟೆ ಹಿಡಿಯೋಕೂ ಬರ್ತಿರ್ಲಿಲ್ಲ. ಕಲಿಸಿದ್ದೇ ಇವರು. ಕಂಬದ ಕುರ್ಚಿ ಕಥೆ ಹೇಳಿದ್ದಾರಾ ನಿಮಗೆ?"

ಹೇಳಿದ್ದ. ಅವಳು ಚಿಕ್ಕವಳಿದ್ದಾಗ ಮನೆಯಲ್ಲಿ ನಟಿಸಿಯೇ ತೋರಿಸಿದ್ದ. ಕಂಬದ ಈಚೆಗೊಮ್ಮೆ ಆಚೆಗೊಮ್ಮೆ ಕತ್ತು ಚಾಚಿ ಪಾಯಸಕ್ಕಾಗಿ ಹಲ್ಲು ಕಿರಿಯುವ ಕುಡುಕ ಮಾವನನ್ನು ನೋಡಿ ಅವಳು ನೆಲದ ಮೇಲೆ ಬಿದ್ದು ಬಿದ್ದು ನಕ್ಕಿದ್ದಳು.

ಕ್ಯಾಪ್ಟನ್ ಬಿಡಲಿಲ್ಲ, ಅಪ್ಪನ ಧಾಟಿಯಲ್ಲೇ ಶುರುಮಾಡಿದ. "ಪ್ರತಿ ಔತಣಕ್ಕೂ ಒಬ್ಬ ಬಂದೇ ಬರ್ತಾನೆ ಕಣ್ರೋ, ಮನೆಯವರಿಗೆ ಕರೆಯೋಕೂ ಆಗಲ್ಲ, ಬಿಡೋಕೂ ಆಗಲ್ಲ. ಅವನು ಯಾರು ಅಂತ ಮೊದಲೇ ಕಿವಿಯಲ್ಲಿ ಕೇಳ್ಕೊಂಡು ಕಂಬದ ಹಿಂದೆ ಕೂರಿಸಿ, ದೇವರಾಣೆ ಟಿಪ್ಸು ಜಾಸ್ತಿ ಬೀಳುತ್ತೆ. ಹೀಗೆ ಹೇಳೋರು. ಏನಣ್ಣ, ಸುಳ್ಳಾ?"

ನಗು ಬರಬೇಕಾಗಿದ್ದ ಜಾಗದಲ್ಲಿ ಏನೂ ಬರಲಿಲ್ಲ. ಅಪ್ಪ ಮೇಜಿನ ಆ ತುದಿಗೆ ನಡೆದು ಹೋಗಿ ಕಂಬದ ಹಿಂದಿನ ಕುರ್ಚಿ ಎಳೆದು ಕೂತ. ಅವಳು ನಿಂತ ಕಡೆಯಿಂದ ಒಂದು ಭುಜ ಮಾತ್ರ ಕಾಣುತ್ತಿತ್ತು.

"ಒಳ್ಳೇ ಜಾಗ," ಅಂದಳು ಚಿಕ್ಕಮ್ಮ. "ಗಾಳಿ ಚೆನ್ನಾಗಿ ಬರುತ್ತೆ." ಕಿಟಕಿಯೇ ಇರಲಿಲ್ಲ.

"ಅಲ್ಲಿ ಬೇಡ. ಅಪ್ಪಾ, ಎದ್ದು ಬನ್ನಿ. ನನ್ನ ಪಕ್ಕ." ಅವಳು ಕ್ಯಾಪ್ಟನ್‌ಗೆ ಹೇಳಿದಳು, "ಸೂಪ್ ತರಿಸ್ತೀರಾ? ರುಚಿ ನೋಡ್ತೀವಿ."

ರುಚಿ ನೋಡುವುದು ನೆಪ. ಅಪ್ಪನಿಗೂ ಅದು ತಿಳಿದಿತ್ತು. ಅವನು ಎದ್ದು ಬಂದು ಅವಳ ಪಕ್ಕ ಕೂತ, ಸೂಪ್ ಬಂದ ಮೇಲೆ ಮಾಸ್ಕ್ ತೆಗೆದು ಮಡಚಿ ಜೇಬಿಗಿಟ್ಟ. ತೇಪೆಯ ಚರ್ಮಕ್ಕೆ ಕೆನ್ನೆಯ ಬಣ್ಣ ಬಂದಿರಲಿಲ್ಲ, ಅದರ ಮೇಲೆ ಎದೆಯ ಕೂದಲು ನಾಲ್ಕಾರು ಬೆಳೆದಿದ್ದವು. ತುಟಿಯ ಎಡಗಡೆ ಮುಚ್ಚುತ್ತಿರಲಿಲ್ಲ. ಚಮಚ ಒಳಗೆ ಹೋದಾಗಲೆಲ್ಲ ಹೀರುವ ಸದ್ದು ಬಂತು, ಕುಡಿದದ್ದರಲ್ಲಿ ಅರ್ಧ ಎಡಗಡೆಯಿಂದ ಗಲ್ಲಕ್ಕಿಳಿಯಿತು. ಬೀದಿಯ ಸದ್ದು ಹೊರಗಿಡುವ ಆ ಒಳ್ಳೆಯ ಬಾಗಿಲು ಒಳಗಿನ ಸದ್ದನ್ನೂ ಹಾಗೇ ಹಿಡಿದಿಟ್ಟುಕೊಂಡಿತ್ತು.

ಅವಳು ಅಪ್ಪನನ್ನು ನೋಡುತ್ತಿರಲಿಲ್ಲ. ನೋಡುವವನನ್ನು ನೋಡುತ್ತಿದ್ದಳು. ಕ್ಯಾಪ್ಟನ್ ಮೊದಲ ಚಮಚಕ್ಕೆ ನಗುಮುಖ ಹಾಗೇ ಇಟ್ಟುಕೊಂಡ. ಎರಡನೆಯದಕ್ಕೆ ಮೇಜುಬಟ್ಟೆಯ ಅಂಚಿನಲ್ಲಿ ಏನೋ ಕಲೆ ಕಂಡವನಂತೆ ಬಗ್ಗಿದ. ಮತ್ತೆ ತಲೆ ಎತ್ತಲಿಲ್ಲ. ಬೆರಳಿನಿಂದ ಆ ಇಲ್ಲದ ಕಲೆಯನ್ನು ಕೆರೆಯುತ್ತಲೇ ಇದ್ದ.

ತಟ್ಟೆ ಹಿಡಿಯಲು ಕಲಿಸಿದವನ ಮುಂದೆ ಇವನ ಗತಿ ಇದಾದರೆ ಹುಡುಗನ ತಾಯಿ ಏನು ಮಾಡಿಯಾರು ಎಂದು ಅವಳು ಲೆಕ್ಕ ಹಾಕಿದಳು. ಹಾಕುವಾಗ ತನ್ನ ಬಟ್ಟಲು ಕಣ್ಣಿಗೆ ಬಿತ್ತು. ಮುಟ್ಟಿರಲಿಲ್ಲ. ಮನೆಯಲ್ಲೂ ಅಷ್ಟೆ, ಅಪ್ಪನದಾದ ಮೇಲೆ ಊಟಕ್ಕೆ ಕೂರುವುದು ಎಂದಿನಿಂದಲೋ ರೂಢಿಯಾಗಿತ್ತು. ಅಂಗಡಿಯಿಂದ ಬರುವುದು ತಡ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಭಾನುವಾರ ಅಂಗಡಿಗೆ ರಜ. ಭಾನುವಾರವೂ ಅವಳು ಆಮೇಲೆಯೇ ಉಣ್ಣುತ್ತಿದ್ದಳು.

ಅಪ್ಪ ಗಲ್ಲ ಒರೆಸಿಕೊಂಡ, ಮಾಸ್ಕ್ ಹಾಕಿಕೊಂಡ, ಕ್ಯಾಪ್ಟನ್ ಕಡೆ ತಿರುಗಿ ಏನೋ ಹೇಳಿದ. ಅಪ್ಪನ ಮಾತು ಈಗ ಬಾಯಿ ತುಂಬ ಅನ್ನ ಇಟ್ಟುಕೊಂಡು ಆಡಿದ ಹಾಗೆ, ಮನೆಯವರಿಗಷ್ಟೇ ಅರ್ಥವಾಗುವಂಥದ್ದು. ಕ್ಯಾಪ್ಟನ್ ಅವಳನ್ನು ನೋಡಿದ.

"ಏನಂತಾರೆ?"

ಅವಳೇ ಬಾಯಿಬಿಟ್ಟು ಹೇಳಬೇಕಾಯಿತು. "ಭಾನುವಾರ ತಾನೇ ಬಡಿಸ್ತೀನಿ ಅಂತಿದ್ದಾರೆ."

ಅಪ್ಪ ಮತ್ತೆ ಹೇಳಿದ. ಅವಳು ತಡೆದು ತಡೆದು ಅದನ್ನೂ ದಾಟಿಸಿದಳು. "ಬಡಿಸೋನ ಮುಖ ಯಾರೂ ನೋಡಲ್ಲ ಅಂತೆ. ಮಾಸ್ಕ್ ಹಾಕಿದ್ರೆ ಇನ್ನೂ ಒಳ್ಳೇದು, ಶುಚಿಯಾದ ಹೋಟೆಲ್ ಅಂತಾರಂತೆ."

ಚಿಕ್ಕಮ್ಮ ಉಸಿರು ಬಿಟ್ಟಳು. "ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಭಾವ ಜೊತೆಗಿದ್ದ ಹಾಗೂ ಆಯ್ತು."

"ನಿಮ್ಮಪ್ಪ ಎಲ್ಲಿ ಅಂತ ಅವರು ಕೇಳಿದ್ರೆ?"

"ಹುಷಾರಿಲ್ಲ ಅನ್ನೋಣ. ಅದೇನು ಸುಳ್ಳಾ?"

"ಹುಡುಗನಿಗೆ ಗುರುತು ಸಿಗಲ್ವಾ ಚಿಕ್ಕಮ್ಮ?"

"ಸಿಗುತ್ತೆ. ಅದಕ್ಕೇನು? ಇಷ್ಟು ದಿನ ಅಮ್ಮನ ಮುಂದೆ ಬಾಯಿ ಬಿಡದೇ ಇದ್ದೋನು ಭಾನುವಾರ ಊಟದ ನಡುವೆ ಬಿಡ್ತಾನಾ? ಮದುವೆ ಒಂದು ಆಗ್ಲಿ, ಆಮೇಲೆ ಯಾರು ಯಾರ ಮುಖ ಬೇಕಾದ್ರೂ ನೋಡ್ಕೊಳ್ಳಲಿ."

ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡ. "ಅಣ್ಣಾ, ಕೋಟು ಇದೆ. ಸ್ವಲ್ಪ ದೊಡ್ಡದಾಗಬಹುದು. ನಾನೂ ಜೊತೆಗಿರ್ತೀನಿ."

ಬೇಡ ಅನ್ನಬೇಕಾಗಿತ್ತು. ಅವಳು ಯಾರಾದರೂ ಅನ್ನಲಿ ಎಂದು ಕಾದಳು. ಚಿಕ್ಕಮ್ಮ ಕಾಲು ನೀವಿಕೊಳ್ಳುತ್ತಿದ್ದಳು. ಅಪ್ಪ ಬಾಗಿಲಿನಿಂದ ಮೇಜಿಗೆ, ಮೇಜಿನಿಂದ ಬಾಗಿಲಿಗೆ ಕಣ್ಣಲ್ಲೇ ದಾರಿ ಅಳೆಯುತ್ತಿದ್ದ. ಅವನ ಬೆನ್ನು ಕಾಯಿಲೆಗೆ ಮುಂಚಿನ ಹಾಗೆ ನೆಟ್ಟಗಾಗಿತ್ತು. ಅದನ್ನು ನೋಡಿ ಅವಳಿಗೆ ಸಮಾಧಾನವಾಯಿತು. ಅವನಿಗೇ ಇಷ್ಟ ಇದೆ ಎಂದುಕೊಳ್ಳಲು ಅಷ್ಟು ಸಾಕಾಗಿತ್ತು.

"ಹಾಗಾದ್ರೆ ಎಷ್ಟು ಜನ ಅಂತ ಹೇಳ್ಲಮ್ಮ ಕೆಳಗೆ?" ಕ್ಯಾಪ್ಟನ್ ಕೇಳಿದ. "ಎಂಟು ಅಂದಿದ್ರಿ."

"ಏಳು," ಅಂದಳು ಅವಳು.

ಅಪ್ಪ ತಲೆಯಾಡಿಸಿದ. ಕಂಬದ ಹಿಂದೆ ಹೋಗಿ ಕುರ್ಚಿಯನ್ನು ಹೊರಗೆಳೆದು ಎರಡೂ ಕೈಯಿಂದ ಎತ್ತಿಕೊಂಡ. ಎತ್ತುವಾಗ ಏನೋ ಅಂದ. ಕ್ಯಾಪ್ಟನ್ ಮತ್ತೆ ಅವಳ ಮುಖ ನೋಡಿದ. ಈ ಸಲ ಅವಳು ದಾಟಿಸಲಿಲ್ಲ. ಅಪ್ಪ ಅಂದದ್ದು ಇಷ್ಟು: ಮೇಜಿನ ಹತ್ತಿರ ಖಾಲಿ ಕುರ್ಚಿ ಬಿಡಬಾರದು, ಯಾರು ಬಂದಿಲ್ಲ ಅಂತ ಕೇಳ್ತಾರೆ.

ಕುರ್ಚಿ ಭಾರವಿತ್ತು. ಅಪ್ಪ ಅದನ್ನು ಹೊಟ್ಟೆಗೊತ್ತಿಕೊಂಡು ಬಾಗಿಲ ತನಕ ಹೋಗಿ ನಿಂತ. ಕೈ ಎರಡೂ ತುಂಬಿದ್ದವು, ಬಾಗಿಲಿನ ಸ್ಪ್ರಿಂಗ್ ಬಿಗಿ. ಅವಳು ಎದ್ದು ಹೋಗಿ, ಭುಜ ಕೊಟ್ಟು ತಳ್ಳಿ, ಅವನು ದಾಟುವ ತನಕ ಬಾಗಿಲನ್ನು ಹಿಡಿದುಕೊಂಡಳು.