ಬಿಡುವಾದಾಗ ಬಾರಿಸುವ ಗಂಟೆ

ಸಮಸ್ತರ ಅವಗಾಹನೆಗೆ ತರುವುದೇನೆಂದರೆ, ಕಂಪ್ಯೂಟರ್ ಪರದೆಯ ಬಲಮೂಲೆಯಲ್ಲಿ ನಾನು ಕೋಡ್ ಬರೆದು ಕೂರಿಸಿದ ಗಡಿಯಾರದ ಸೆಕೆಂಡ್ ಮುಳ್ಳು ಎಲ್ಲೂ ಎಡವದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುಗುತ್ತಿದೆ, ಎಂಥ ಸಾಧನೆ, ಚಪ್ಪಾಳೆ ತಟ್ಟಬೇಕು, ತಟ್ಟುವವರು ಯಾರು, ಪಕ್ಕದ ಕೋಣೆಯ ಹಾಸಿಗೆ ಖಾಲಿ, ಅಕ್ಕ ಬೆಳಗ್ಗೆಯಿಂದ ಆಸ್ಪತ್ರೆಯಲ್ಲಿ, ಸೊಂಟದ ಮೂಳೆ ಮುರಿದುಕೊಂಡು — ನೀನಿಲ್ಲಿ ನಿಂತು ಏನ್ ಮಾಡ್ತೀಯ, ಮನೆಗೆ ಹೋಗಿ ಅವಳ ಬಟ್ಟೆ ತಗೊಂಡ್ ಬಾ ಅಂದರು ಭಾವ, ಬಟ್ಟೆಗೆಂದು ಬಂದವನು ಇದರ ಮುಂದೆ ಕೂತಿದ್ದೇನೆ, ಹುಟ್ಟುಗುಣ — ಗಂಟಲ ಆಪರೇಷನ್ ಆದಮೇಲೆ ಅವಳಿಗೆ ದನಿಯಿಲ್ಲ, ಏನಾದರೂ ಬೇಕಾದರೆ ಸ್ಟೀಲ್ ಲೋಟಕ್ಕೆ ಚಮಚ ಬಡಿಯುತ್ತಿದ್ದಳು, ಟಣ್ ಟಣ್, ನನ್ನ ನೆತ್ತಿಗೇ ಮೊಳೆ, ಇದೇನಕ್ಕ ಪಾತ್ರೆ ಅಂಗಡಿ, ಇರು ನಿನಗೊಂದು ಬಟನ್ ಮಾಡಿಕೊಡ್ತೀನಿ, ಒತ್ತಿದರೆ ಸಾಕು, ನನ್ನ ಪರದೆಯಲ್ಲಿ ಗಂಟೆ ಹೊಡೆದು ಅಕ್ಕ ಕರೀತಿದ್ದಾಳೆ ಅಂತ ಬರುತ್ತೆ — ಸ್ಲೇಟಿನಲ್ಲಿ ಬರೆದಳು, ಲೋಟಾನೂ ಇರಲಿ ಕಣೋ — ಲೋಟವನ್ನು ನಾನೇ ಅಡುಗೆಮನೆಗೆ ಒಯ್ದೆ, ತೊಳೆದು, ಬೋರಲು ಹಾಕಿ.

ಆಫೀಸಿನಲ್ಲಿ ಪಕ್ಕದ ಮೇಜಿನವಳು ಹೇಳಿದ್ದಳು, ಪ್ರೋಗ್ರಾಮಿನೊಳಗೆ ಸುತ್ತುತ್ತಲೇ ಇರೋ ಮೇನ್ ಲೂಪ್ ಅನ್ನೋದು ಕೌಂಟರಿನ ಗುಮಾಸ್ತ ಇದ್ದ ಹಾಗೆ, ಸಾಲಲ್ಲಿ ಬಂದದ್ದನ್ನ ಒಂದೊಂದೇ ನೋಡ್ತಾನೆ, ನಿಮ್ಮಕ್ಕನ ಬಟನ್ನನ್ನೂ ಮೌಸು ಕೀಬೋರ್ಡಿನ ಸಾಲಿಗೇ ನಿಲ್ಲಿಸಪ್ಪ — ಅದು ಅರ್ಧ ದಿನದ ಕೆಲಸ, ನಾನು ಬುದ್ಧಿವಂತ, ಅವಳು ಒತ್ತಿದ್ದೆಲ್ಲ ಬೇರೆ ಡಬ್ಬದಲ್ಲಿ ಬೀಳಲಿ ಎಂದೆ, ಬಿಡುವಾದಾಗ ಡಬ್ಬ ಇಣುಕು ಎಂದು ಗುಮಾಸ್ತನಿಗೆ ಅಪ್ಪಣೆ ಕೊಟ್ಟೆ, ನೂರು ಸಲ ಒತ್ತಿ ನೋಡಿದೆ, ನೂರು ಸಲವೂ ಹೊಡೆಯಿತು, ಬೇರೇನೂ ಇಲ್ಲದ ಪರದೆಯಲ್ಲಿ ಗುಮಾಸ್ತನಿಗೆ ಬಿಡುವೋ ಬಿಡುವು — ನಿನ್ನೆ ಸಂಜೆ ಅಂದಕ್ಕೊಂದು ಗಡಿಯಾರ ಸೇರಿಸಿದೆ, ಮುಳ್ಳು ನುಣ್ಣಗೆ ಓಡಲೆಂದು ಅದನ್ನೊಮ್ಮೆ ಎಳೆದು ಮುಗಿಯುವುದರೊಳಗೆ ಮತ್ತೆ ಎಳೆ ಎಂಬ ಅಪ್ಪಣೆ ಸಾಲಿನಲ್ಲಿ ಹಾಜರು, ಪಾಪದ ಗುಮಾಸ್ತ ಡಬ್ಬ ಇಣುಕಲು ತಲೆಯೆತ್ತಿದ್ದರೆ ತಾನೆ — ಬೆಳಗ್ಗೆ ನಾನು ಇಲ್ಲೇ ಮುಳ್ಳನ್ನು ಮೆಚ್ಚುತ್ತ ಕೂತಿದ್ದೆ, ಗೋಡೆಯಾಚೆ ಅವಳು ಒತ್ತಿದಳು, ಮತ್ತೆ ಒತ್ತಿದಳು, ಬೇಕಿದ್ದದ್ದು ಒಂದು ಗುಟುಕು ನೀರು, ಕೊನೆಗೆ ತಾನೇ ಎದ್ದಳು, ಬಿದ್ದ ಸದ್ದು ಮಾತ್ರ ಯಾವ ಸಾಲಿನಲ್ಲೂ ನಿಲ್ಲದೆ ನೇರ ಬಂತು.

ಸ್ಟ್ರೆಚರಿನಲ್ಲಿ ಮಲಗಿಕೊಂಡೇ ಸ್ಲೇಟು ಇಸಿದುಕೊಂಡು ಬರೆದಳು, ಎಷ್ಟು ಸಲ ಒತ್ತಿದೆ ಗೊತ್ತಾ — ಬಟನ್ ಕೆಟ್ಟುಹೋಗಿತ್ತಕ್ಕ ಎಂದೆ, ನಾಲಿಗೆ ತಡವರಿಸಲೂ ಇಲ್ಲ — ಹೋಗಲಿ ಬಿಡು, ಬೇಜಾರ್ ಮಾಡ್ಕೋಬೇಡ ಎಂದು ಬರೆದಳು, ಅದನ್ನು ನನ್ನ ಕೈಯಿಂದಲೇ ಒರೆಸಿಸಿದಳು. ಹಾಗಾಗಿ ನನ್ನ ಮಹಾಯೋಜನೆ ಇಷ್ಟು, ಗಡಿಯಾರ ಕಿತ್ತೊಗೆಯುವುದು, ಬಟನ್ನನ್ನು ಸಾಲಿಗೆ ನಿಲ್ಲಿಸುವುದು, ಗುರುತು ಉಳಿಯದಂತೆ ಸರಿ ಮಾಡುವುದು, ಬಟನ್ ಕೆಟ್ಟಿತ್ತು ಅನ್ನುವುದನ್ನೇ ನಿಜ ಮಾಡಿಬಿಡುವುದು, ನಾನೂ ನಂಬುವಷ್ಟು — ಮೊದಲು ಗಡಿಯಾರ, ಮುಚ್ಚು, ಮುಳ್ಳು ನಿಂತಿತು, ಕೋಣೆ ತಣ್ಣಗಾಯಿತು, ಗುಮಾಸ್ತನಿಗೆ ಬೆಳಗ್ಗೆಯಿಂದ ಮೊದಲ ಸಲ ಬಿಡುವಾಯಿತು, ಅಯ್ಯೋ, ಡಬ್ಬ, ಬೆಳಗ್ಗೆ ಅವಳು ಒತ್ತಿದ್ದೆಲ್ಲ ಇನ್ನೂ ಅದರಲ್ಲೇ — ಟಿಣ್, ಅಕ್ಕ ಕರೀತಿದ್ದಾಳೆ, ಟಿಣ್, ಅಕ್ಕ ಕರೀತಿದ್ದಾಳೆ, ಏಳು, ಎಂಟು, ಎಣಿಸಬೇಡ, ಖಾಲಿ ಹಾಸಿಗೆಯಿಂದ, ಟಿಣ್, ಅಕ್ಕ ಕರೀತಿದ್ದಾಳೆ, ಹತ್ತೊಂಬತ್ತು, ಅಕ್ಕ ಕರೀತಿದ್ದಾಳೆ, ಅಕ್ಕ ಕರೀತಿದ್ದಾಳೆ